ಸಂಗಮದಿಂದ ಮೇಕೆದಾಟಿಗೆ, ನಡೆದುಕೊಂಡೇ

ಮೇಕೆದಾಟು ಅಂದಕೂಡಲೇ ಈಗ ನೆನಪಾಗುವುದು ಅಣೆಕಟ್ಟಿನ ಸುದ್ದಿ: 67 ಟಿಎಂಸಿ ನೀರು ಹಿಡಿಯುವ ಯೋಜನೆ, ತಮಿಳುನಾಡಿನ ತಕರಾರು, ಅಣೆಕಟ್ಟು ಬೇಕೆಂದು 2022ರ ಜನವರಿಯಲ್ಲಿ ಕಾಂಗ್ರೆಸ್ ನಡೆಸಿದ ಪಾದಯಾತ್ರೆ. ಆ ಪಾದಯಾತ್ರೆ, ಅರ್ಕಾವತಿ ಬಂದು ಕಾವೇರಿಗೆ ಸೇರುವ ಸಂಗಮದಿಂದ ಬೆಂಗಳೂರಿನ ಕಡೆಗೆ ಹೊರಟಿತ್ತು. ಅದಕ್ಕೆ ಬೆನ್ನು ಹಾಕಿ, ಕಾವೇರಿ ಹರಿಯುವ ದಿಕ್ಕಿಗೇ ನಾಲ್ಕು ಕಿಲೋಮೀಟರಿನಷ್ಟು ನಡೆದರೆ ಮೇಕೆದಾಟು. ದೊಡ್ಡ ಏರು ಎಲ್ಲೂ ಇಲ್ಲ. ಒಂದು ಮಗ್ಗುಲಿಗೆ ಕುರುಚಲು ಕಾಡು, ಇನ್ನೊಂದಕ್ಕೆ ಹೊಳೆ. ಹತ್ತು ವರ್ಷದ ಮಕ್ಕಳೂ ಅಳದೆ ನಡೆಯುವ ದಾರಿ. ಕಾಲಿಗೆ ಇಷ್ಟು ಸಲೀಸಾದ ಜಾಗದಲ್ಲಿ ಪ್ರಾಣ ಹೋಗುವುದೆಲ್ಲ ನೀರಿನಿಂದಲೇ. ಅದಕ್ಕೇ ನಡಿಗೆಗಿಂತ ನೀರಿನ ಮಾತು ಇಲ್ಲಿ ಹೆಚ್ಚು.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಅರ್ಕಾವತಿ ದಾಟಲು ಆಗುವುದಿಲ್ಲ, ಏಪ್ರಿಲ್ ಹೊತ್ತಿಗೆ ಬಂಡೆಗಳು ಕಾದ ಹಂಚು. ಬೆಂಗಳೂರಿನಿಂದ ಕನಕಪುರ ಸುಮಾರು 55 ಕಿಲೋಮೀಟರ್, ಅಲ್ಲಿಂದ ಸಂಗಮ ಮತ್ತೆ 35. ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟರೆ ಒಂಬತ್ತರೊಳಗೆ ನದಿಯ ಎದುರಿಗೆ ನಿಂತಿರಬಹುದು. ಬಸ್ಸಿನಲ್ಲಿ ಬಂದವರು ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಕೊನೆಯ ಬಸ್ ಎಷ್ಟೊತ್ತಿಗೆಂದು ಕೇಳಿಟ್ಟುಕೊಳ್ಳಬೇಕು. ಇದು ಕಾವೇರಿ ವನ್ಯಜೀವಿಧಾಮದ ಒಳಗಿನ ದಾರಿ. ನಡೆಯಲು ಬಿಡುವುದು, ಬಿಡದಿರುವುದು ಅರಣ್ಯ ಇಲಾಖೆಯವರಿಗೆ ಸೇರಿದ್ದು. ಗೇಟಿನಲ್ಲಿ ವಿಚಾರಿಸದೆ ಹೆಜ್ಜೆ ಇಡಬಾರದು.

ಮೊದಲ ಪರೀಕ್ಷೆ ಶುರುವಿನಲ್ಲೇ. ವಾಹನ ನಿಲ್ಲುವ ಜಾಗಕ್ಕೂ ಮೇಕೆದಾಟಿನ ದಾರಿಗೂ ನಡುವೆ ಅರ್ಕಾವತಿ ಅಡ್ಡ ಬರುತ್ತದೆ. ನೀರು ಹೆಚ್ಚಿದ್ದರೆ ತೆಪ್ಪ, ಕಡಿಮೆಯಿದ್ದರೆ ಕಾಲು. ಇಳಿಯುವ ಮುಂಚೆ ದಡದಲ್ಲಿ ಐದು ನಿಮಿಷ ನಿಂತು ನೋಡಬೇಕು. ನೀರು ಅಗಲವಾಗಿ ಹರಡಿ ಸಣ್ಣಗೆ ಸದ್ದು ಮಾಡುತ್ತಾ ಹರಿಯುವ ಕಡೆ ಆಳ ಕಡಿಮೆ. ಇಕ್ಕಟ್ಟಾಗಿ ಸದ್ದಿಲ್ಲದೆ ಸರಿಯುವ ಕಡೆ ಆಳ ಜಾಸ್ತಿ. ಹತ್ತಿರದ ದಾರಿ ಎಂದು ಜನ ಇಳಿಯುವುದು ಈ ಎರಡನೆಯದಕ್ಕೇ. ಮೊಣಕಾಲು ಮುಳುಗುವ ನೀರಿಗೆ ಇಳಿಯಲೇಬಾರದು. ತೊಡೆಗೆ ಬಂದ ನೀರು ಕಾಲನ್ನೇ ಎತ್ತುತ್ತದೆ. ಎದೆಮಟ್ಟದ ಒಂದು ಗಟ್ಟಿ ಕೋಲು ಬೇಕು. ನೀರು ಬರುವ ಕಡೆಗೆ ಮುಖ ಮಾಡಿ, ಕೋಲನ್ನು ಮುಂದೆ ಊರಿ, ಅಡ್ಡಡ್ಡವಾಗಿ ಒಂದೊಂದೇ ಹೆಜ್ಜೆ ಸರಿಸಬೇಕು. ಕೋಲು ಎತ್ತಿದಾಗ ಕಾಲು ಕದಲಬಾರದು, ಕಾಲು ಎತ್ತಿದಾಗ ಕೋಲು ಕದಲಬಾರದು. ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಲಿ, ಬಿದ್ದರೆ ಬ್ಯಾಗು ಹೋಗಲಿ. ಬರಿಗಾಲು ಬೇಡ. ತಳದ ಕಲ್ಲಿಗೆಲ್ಲ ಪಾಚಿ, ನಡುವೆ ಒಡೆದ ಬಾಟಲಿಯ ಚೂರು. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಕೊಂಡು ದಾಟಿ, ಆಚೆ ದಡದಲ್ಲಿ ಒಣ ಸಾಕ್ಸು, ಶೂ ಹಾಕಿಕೊಳ್ಳುವುದು ಒಳ್ಳೆಯದು. ಒದ್ದೆ ಶೂನಲ್ಲಿ ಎಂಟು ಕಿಲೋಮೀಟರ್ ನಡೆದರೆ ಹಿಮ್ಮಡಿಯಲ್ಲಿ ಬೊಬ್ಬೆ ಖಂಡಿತ.

ಈ ಅರ್ಕಾವತಿ ನಂದಿಬೆಟ್ಟದಲ್ಲಿ ಹುಟ್ಟಿದ್ದು ನಿಜ. ದಾರಿಯಲ್ಲಿ ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತಾಳೆ. ಸಂಗಮದ ಸ್ನಾನ ಪುಣ್ಯವೆನ್ನುವವರ ಜೊತೆ ವಾದವಿಲ್ಲ, ಬಾಯಿಗೆ ಮಾತ್ರ ಹಾಕಬೇಡಿ. ಕಾಲಲ್ಲಿ ಗಾಯವಿದ್ದರೆ ದಾಟಿದ ಮೇಲೆ ಬಾಟಲಿ ನೀರಿನಿಂದ ತೊಳೆಯಿರಿ. ಅದೂ ಸೇರಿ ಒಬ್ಬೊಬ್ಬರೂ ಎರಡು ಲೀಟರ್ ನೀರು ಹೊರಬೇಕು.

ಆಚೆ ದಡದಿಂದ ಮಣ್ಣಿನ ದಾರಿ ಹೊರಡುತ್ತದೆ, ಬಲಗೈಗೆ ಹೊಳೆ. ನೀರಿನ ಅಂಚಿನ ಮರಗಳೇ ಬೇರೆ, ಇಪ್ಪತ್ತು ಮಾರು ಮೇಲಿನವೇ ಬೇರೆ. ಮೇಲೆ ದಿಂಡಿಗ, ಜಾಲಿ, ಚಿಟ್ಟೆಯ ರೆಕ್ಕೆಯಂತೆ ಜೋಡಿ ಎಲೆಯ ಕಮರ. ಡಿಸೆಂಬರ್ ಕಳೆದರೆ ಬಹುಪಾಲು ಎಲೆ ಉದುರಿಸುತ್ತವೆ. ಕೆಳಗೆ ಹೊಂಗೆ, ಹುಣಸೆ, ನೇರಳೆ, ಎಲ್ಲಕ್ಕಿಂತ ಎತ್ತರಕ್ಕೆ ಹೊಳೆಮತ್ತಿ. ಅದನ್ನು ಗುರುತಿಸಲು ಪುಸ್ತಕ ಬೇಡ: ಬೂದು ಬಿಳುಪಿನ ನುಣುಪು ತೊಗಟೆ ಹಪ್ಪಳದಂತೆ ಎದ್ದು ಬರುತ್ತದೆ, ಬುಡ ನೀರಿನ ಕಡೆಗೆ ಬಾಗಿರುತ್ತದೆ. ಬಿದ್ದ ಒಂದು ಕಾಯಿ ಎತ್ತಿಕೊಂಡರೆ ಕಟ್ಟಿಗೆಯಂಥ ನಡುವಿನ ಸುತ್ತ ಐದು ರೆಕ್ಕೆ, ಗಾಣದ ಚಕ್ರದ ಹಲ್ಲಿನ ಹಾಗೆ. ಹೊಳೆಗೆ ಎಸೆದು ನೋಡಿ, ಮುಳುಗದೆ ತೇಲಿಕೊಂಡು ಹೋಗುತ್ತದೆ. ದಡದುದ್ದಕ್ಕೂ ಈ ಮರ ಸಾಲು ಹಿಡಿದಿರುವುದು ಹೀಗೇ.

ಈ ಸಾಲಿನ ನೆತ್ತಿಯಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಇದೆ. ಮೈಯಷ್ಟೇ ಉದ್ದದ ಬಾಲ. ಅಪರೂಪದ ಪ್ರಾಣಿ, ಮರದಿಂದ ಮರಕ್ಕೆ ಕೊಂಬೆ ತಾಗಿಕೊಂಡಿದ್ದರೆ ಮಾತ್ರ ಓಡಾಡುತ್ತದೆ. ನಡುವಿನ ಎರಡು ಮರ ಕಡಿದರೆ ಅದರ ರಸ್ತೆ ಕಡಿದ ಹಾಗೆ. ಅಣೆಕಟ್ಟು ಬಂದರೆ ಮುಳುಗುವ ಸುಮಾರು 5000 ಹೆಕ್ಟೇರಿನಲ್ಲಿ ಈ ದಡವೂ ಸೇರಿದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಸರಿ; ಲೆಕ್ಕ ಹಾಕುವಾಗ ಅಳಿಲನ್ನೂ ಸೇರಿಸಿಕೊಂಡರೆ ತಪ್ಪೇನಿಲ್ಲ.

ದಾರಿಯಲ್ಲಿ ಆನೆ ಲದ್ದಿ ಕಾಣುವುದು ಮಾಮೂಲು. ಒಣಗಿ ನಾರು ನಾರಾಗಿ ಗೆದ್ದಲು ಹತ್ತಿದ್ದರೆ ಹಳೆಯದು. ಮೇಲೆ ಪಸೆ ಹೊಳೆಯುತ್ತಾ ನೊಣ ಮುತ್ತಿದ್ದರೆ ಹತ್ತಿರದಲ್ಲೇ ಇದೆ. ಆಗ ಫೋಟೊ ಬೇಡ, ಬಂದ ದಾರಿಯಲ್ಲೇ ಸದ್ದಿಲ್ಲದೆ ಹಿಂದಕ್ಕೆ. ಈ ದಾರಿಗೆ ಒಬ್ಬರೇ ಬರಬಾರದು, ನಾಲ್ಕೈದು ಜನ ಇರಬೇಕು. ಕೋತಿಗಳಿಗೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದೇ ಊಟದ ಗಂಟೆ. ಚಿತ್ರಾನ್ನದ ಡಬ್ಬಿ ಬ್ಯಾಗಿನ ತಳದಲ್ಲಿರಲಿ.

ಒಂದೂಕಾಲು ಗಂಟೆ ನಡೆದರೆ ದಾರಿ ಮುಗಿದು ಬಂಡೆ ಶುರು. ಮೇಲೆ ಅಷ್ಟಗಲ ಹರಡಿಕೊಂಡಿದ್ದ ಕಾವೇರಿ ಇಲ್ಲಿ ಕಲ್ಲಿನ ಸಂದಿಗೆ ಇಳಿದು ಕೂಗುತ್ತಾಳೆ. ಮೇಕೆಯೊಂದು ಈ ಸಂದಿಯನ್ನು ಹಾರಿ ದಾಟಿತೆಂಬ ಕತೆಯಿಂದ ಈ ಹೆಸರು. ಹಾರಿತೋ ಇಲ್ಲವೋ, ನೀವು ಅಂಚಿಗೆ ಹೋಗಬೇಡಿ. ಕಾರಣ ಬಂಡೆಯಲ್ಲೇ ಇದೆ. ಸುಳಿಗೆ ಸಿಕ್ಕ ಗುಂಡುಕಲ್ಲುಗಳು ಒಂದೇ ಕಡೆ ತಿರುಗಿ ತಿರುಗಿ ಒರಳಿನಂಥ ಕುಳಿ ಕೊರೆದಿವೆ. ಕೆಲವು ಬೊಗಸೆಯಷ್ಟು, ಕೆಲವು ಆಳಿಗಿಂತ ಆಳ. ಅದೇ ಕೆಲಸ ಅಂಚಿನ ಅಡಿಯಲ್ಲೂ ನಡೆದಿದೆ. ಮೇಲೆ ಗಟ್ಟಿ ಕಾಣುವ ಬಂಡೆಯ ಕೆಳಗೆ ನೀರು ಒಳಗಿನವರೆಗೂ ಕೊರೆದಿರುತ್ತದೆ, ಬಿದ್ದವರನ್ನು ಸೆಳೆತ ಆ ಪೊಟರೆಗೇ ಒಯ್ಯುತ್ತದೆ. ಈಜು ಬಂದರೂ ಪ್ರಯೋಜನವಿಲ್ಲ. ಮೇಲ್ಮೈ ಒಣಗಿದ್ದರೂ ಜಾರುತ್ತದೆ: ನಯವಾದ ಕಲ್ಲಿನ ಮೇಲಿನ ಮರಳಿನ ಕಣಗಳು ಕಾಲಿನ ಅಡಿಯಲ್ಲಿ ಸಾಸಿವೆಯಂತೆ ಉರುಳುತ್ತವೆ. ಅಂಚಿನಿಂದ ಎರಡು ಆಳುದ್ದ ಹಿಂದೆ ಕೂತರೂ ನೋಟ ಅದೇ.

ಇಲ್ಲಿ ಬಿಸಿಲಿದ್ದರೂ ನೀರು ಏರಬಹುದು. ಕೊಡಗಿನಲ್ಲೋ ವಯನಾಡಿನಲ್ಲೋ ಮಳೆಯಾಗಿ, ಕೆಆರ್‌ಎಸ್, ಕಬಿನಿಯಿಂದ ಬಿಟ್ಟ ನೀರು ಯಾವ ಮೋಡದ ಸೂಚನೆಯೂ ಇಲ್ಲದೆ ಬರುತ್ತದೆ. ಬಂಡೆಗಳ ನಡುವೆ ಕೂರುವ ಮುಂಚೆ ನೀರಿನ ಅಂಚಿನಿಂದ ಗೇಣು ಮೇಲೆ ಒಂದು ಒಣ ಕಲ್ಲು ಇಡಬೇಕು. ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅದರ ಕಡೆ ಕಣ್ಣು ಹಾಯಿಸಿ. ಕಲ್ಲಿನ ಬುಡ ಒದ್ದೆಯಾದರೆ ಊಟ ಅರ್ಧಕ್ಕೇ ಬಿಟ್ಟು ಏಳುವುದು. ಸಾಮಾನು ಜೋಡಿಸುತ್ತಾ ನಿಂತವರೇ ನಡುಗಡ್ಡೆಯಲ್ಲಿ ಸಿಕ್ಕಿಕೊಳ್ಳುವುದು.

ಎಲ್ಲ ಸರಿಯಿದ್ದರೂ ಎರಡು ಗಂಟೆಗೆ ಹಿಂತಿರುಗಬೇಕು. ಸಂಜೆಯ ಹೊತ್ತು ಆನೆಗಳಿಗೆ ಸೇರಿದ್ದು. ಅರ್ಕಾವತಿಯ ದಡದಲ್ಲೂ ಬೆಳಗ್ಗೆ ಹೀಗೇ ಒಂದು ಕಲ್ಲಿಟ್ಟು ಹೋಗಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ. ಕಲ್ಲು ಒಣಗಿದ್ದರೆ ಕೋಲು ಹಿಡಿದು ನಡೆದು ದಾಟುವುದು. ನೆನೆದಿದ್ದರೆ ತೆಪ್ಪದವರನ್ನು ಕೂಗುವುದು, ದುಡ್ಡಿನ ಚೌಕಾಸಿ ಬೇಡ. ಆಚೆ ದಡದಿಂದ ಮೀನು ಹುರಿಯುವ ವಾಸನೆ ಆಗಲೇ ಬರುತ್ತಿರುತ್ತದೆ.