ಅಟ್ಟದ ಮೂರು ಕಂಪ್ಯೂಟರ್, ಒಂದು ಮಳೆಗಾಲ

ಜೂನ್ 8, 2025

ಅಟ್ಟದಿಂದ ಮೂರು ಕಂಪ್ಯೂಟರ್ ಇಳಿಸಿದೆ. ಒಂದು ಕೋರ್ 2 ಡ್ಯುಯೋ ಲ್ಯಾಪ್‌ಟಾಪ್, 2 ಜಿಬಿ ರ‍್ಯಾಮ್. ನಾನು ಕಾಲೇಜಿಗೆ ಹೋಗುವಾಗ ಅಪ್ಪಯ್ಯ ಅಡಿಕೆ ಮಾರಿದ ದುಡ್ಡಲ್ಲಿ ಕೊಡಿಸಿದ್ದು. ಇನ್ನೊಂದು ಪುಟ್ಟ ನೆಟ್‌ಬುಕ್, ಆಟಮ್ ಎನ್270, 1 ಜಿಬಿ. ಮೂರನೆಯದು ಐ3-3220 ಡೆಸ್ಕ್‌ಟಾಪ್. ಶಿರಸಿ ಪೇಟೆಯ ಒಂದು ಆಫೀಸಿನವರು ಇದನ್ನು ಗುಜರಿಗೆ ಹಾಕುವವರಿದ್ದರು, ಕೇಳಿ ತಂದೆ. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ಬರುವುದು ಈ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ. ವಿಂಡೋಸ್ 11 ಇಷ್ಟು ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಹೊರನೋಟಕ್ಕೆ ಆ ಡೆಸ್ಕ್‌ಟಾಪಿನಲ್ಲಿ ಕೆಟ್ಟಿದ್ದು ಏನೂ ಕಾಣಲಿಲ್ಲ. ಅಂಥದ್ದು ತೂಕದ ಲೆಕ್ಕದಲ್ಲಿ ಹೋಗುವುದನ್ನು ನೋಡಲು ಮನಸ್ಸಾಗಲಿಲ್ಲ.

ಈ ಮಳೆಗಾಲಕ್ಕೆ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ಮೂರಕ್ಕೂ ವಿಂಡೋಸ್ ಬದಲು ಲಿನಕ್ಸ್ ಎನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ನೋಡಬೇಕು. ಒಂದರಲ್ಲಾದರೂ ಬಿಟ್‌ಕಾಯಿನ್ ಎನ್ನುವ ಡಿಜಿಟಲ್ ನಾಣ್ಯದ ಇಡೀ ಲೆಕ್ಕಪುಸ್ತಕ ಇಳಿಸಿಕೊಂಡು, 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ (ಬ್ಲಾಕ್ ಎಂದರೆ ಆ ಪುಸ್ತಕದ ಒಂದು ಪುಟ ಇದ್ದ ಹಾಗೆ) ಇವತ್ತಿನವರೆಗೆ ನಾನೇ ತಾಳೆ ನೋಡಬೇಕು. ಕೊಳ್ಳುವುದು, ಮಾರುವುದು ಇದರಲ್ಲಿ ಇಲ್ಲ. ಹಾಗೆ ಮಾಡುವವರಿಗೆ ನಮ್ಮ ದೇಶದಲ್ಲಿ 2022ರಿಂದ ಲಾಭದ ಮೇಲೆ ಶೇಕಡಾ 30 ತೆರಿಗೆ ಇದೆ, ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯಲೂ ಬಿಡುವುದಿಲ್ಲ. ನನಗೆ ಬೇಕಿರುವುದು ಆ ಪುಸ್ತಕ ಮಾತ್ರ.

ಜೂನ್ 12

ಮೊದಲ ಜಗಳ ತೇವದ ಜೊತೆ. ನಮ್ಮಲ್ಲಿ ಮಳೆ ಹಿಡಿದರೆ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ, ಅಲ್ವಾ. ಡೆಸ್ಕ್‌ಟಾಪ್ ಆನ್ ಮಾಡಿದರೆ ಬರೀ ಬೀಪ್. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿದೆ. ಚಾಲೂ ಆಯಿತು.

ಆಮೇಲೆ ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿದೆ. 4 ಜಿಬಿಯ ಎರಡು ರ‍್ಯಾಮ್‌ನಲ್ಲಿ ಒಂದು ತಪ್ಪು ತೋರಿಸಿತು. ಅದನ್ನು ಬದಲಿಸಿದೆ. ಹಳೆ ಯಂತ್ರ ಎತ್ತಿಕೊಳ್ಳುವವರು ಈ ಹೆಜ್ಜೆ ಬಿಡಬೇಡಿ. ಸುಮ್ನೆ ಬ್ರೌಸರ್ ನೋಡುವವರಿಗೆ ರ‍್ಯಾಮ್‌ನ ಒಂದು ಬಿಟ್ ತಪ್ಪಿದರೆ ಗೊತ್ತೇ ಆಗದೆ ಇರಬಹುದು. ಬಿಟ್‌ಕಾಯಿನ್ ಕೆಲಸದಲ್ಲಿ ಅದೇ ಒಂದು ಬಿಟ್ ಸಾಕು, ಸರಿಯಿರುವ ಬ್ಲಾಕನ್ನು ಸುಳ್ಳು ಎಂದು ಕಂಪ್ಯೂಟರ್ ನಿಂತುಬಿಡುತ್ತದೆ.

ಬೋರ್ಡಿನ ಮೇಲಿನ ನಾಣ್ಯದಂಥ ಸೆಲ್, ಸಿಆರ್2032, ಸತ್ತಿತ್ತು. ಗಡಿಯಾರ 2012ಕ್ಕೆ ಹಿಂದೆ ಹೋಗಿತ್ತು. ಇದೂ ಸಣ್ಣ ವಿಷಯ ಅಲ್ಲ. ತನ್ನ ಗಡಿಯಾರಕ್ಕಿಂತ 2 ಗಂಟೆಗೂ ಜಾಸ್ತಿ ಮುಂದಿನ ಸಮಯ ಹೊತ್ತ ಬ್ಲಾಕನ್ನು ಬಿಟ್‌ಕಾಯಿನ್ ಒಪ್ಪುವುದಿಲ್ಲ. ಗಡಿಯಾರ 2012ರಲ್ಲೇ ಉಳಿದರೆ ಆಮೇಲಿನ ಎಲ್ಲ ಬ್ಲಾಕೂ ನಾಳೆಯದಾಗಿ ಕಾಣುತ್ತದೆ.

ಜೂನ್ 21

ಮೂರಕ್ಕೂ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 12 ಹಾಕಿದೆ, ಮೇಲೆ ಎಕ್ಸ್‌ಎಫ್‌ಸಿಇ ಎನ್ನುವ ಹಗುರವಾದ ಪರದೆ. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡೂ 64 ಬಿಟ್, ತೊಂದರೆ ಇಲ್ಲ. ನೆಟ್‌ಬುಕ್‌ನ ಎನ್270 ಮಾತ್ರ 32 ಬಿಟ್. ಅದಕ್ಕೆ ಬೇರೆ ಇಮೇಜ್ ಇಳಿಸಿದೆ. ಬ್ರೌಸರಿನಲ್ಲಿ ಎರಡು ಟ್ಯಾಬ್ ತೆಗೆದರೆ ಅದು ಏದುಸಿರು ಬಿಡುತ್ತದೆ. ಬರೀ ಟೈಪ್ ಮಾಡಲು ಹೇಳಿ ಮಾಡಿಸಿದ ಹಾಗಿದೆ.

ಕನ್ನಡದಲ್ಲಿ ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್ ಎನ್ನುವ ತಂತ್ರಾಂಶ ಹಾಕಿದೆ. ಅದರಲ್ಲೇ ಕೆಜಿಪಿ ಕೀಲಿಮಣೆ ಬರುತ್ತದೆ. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎನ್ನುವ ಎರಡು ಕನ್ನಡ ಫಾಂಟ್ ಇವೆ, ಎರಡನ್ನೂ ಇಳಿಸಿದೆ. ನೆಟ್‌ಬುಕ್ ಈಗ ಆಯಿಯ ಪಾಲಾಗಿದೆ. ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತು ತಂಬುಳಿಗಳ ಪಟ್ಟಿ ಬರೆಯುತ್ತಿದ್ದಾಳೆ. ಒತ್ತಕ್ಷರ ಸರಿಯಾಗಿ ಕೂತಿದ್ದು ನೋಡಿ ಅವಳಿಗೆ ಆದ ಖುಷಿ ನನಗಿಂತ ಜಾಸ್ತಿ. ಅಪ್ಪೆಹುಳಿ ಒಂದಕ್ಕೇ ಒಂದೂವರೆ ಪುಟ ಆಗಿದೆ.

ಜುಲೈ 4

ಮರ ಬಿದ್ದು ಫೈಬರ್ ತಂತಿ ತುಂಡಾಗಿದೆ. ಮೂರು ದಿನದಿಂದ ನೆಟ್ ಇಲ್ಲ. ಇದೇ ಹೊತ್ತು ಅಂತ ಲ್ಯಾಪ್‌ಟಾಪಿನಲ್ಲಿ ಆ ಪುಸ್ತಕ ಇಳಿಸಿ ತಾಳೆ ನೋಡುವ ತಂತ್ರಾಂಶ, ಬಿಟ್‌ಕಾಯಿನ್ ಕೋರ್ 29ನ್ನು ರೆಗ್‌ಟೆಸ್ಟ್ ವಿಧಾನದಲ್ಲಿ ಶುರು ಮಾಡಿದೆ. ಇದಕ್ಕೆ ನೆಟ್ ಬೇಡ. ನಮ್ಮ ಮನೆಯೊಳಗಿನ ನಾಣ್ಯ, ನಮ್ಮದೇ ಬ್ಲಾಕ್. ಮೊದಲೇ ಇಳಿಸಿಟ್ಟಿದ್ದ ಫೈಲು ಅಸಲಿಯೇ ಎಂದು ತೋರಿಸುವ ಶಾ256 ಮೊತ್ತವನ್ನೂ ಸಹಿಗಳನ್ನೂ ತಾಳೆ ನೋಡಿಯೇ ಬಿಚ್ಚಿದೆ. ಇದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವೇ ಇಲ್ಲ.

ಒಂದು ಆದೇಶಕ್ಕೆ 101 ಬ್ಲಾಕ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹುಟ್ಟಿದವು. ಬ್ಲಾಕ್ ಮಾಡಿದವರಿಗೆ ಹೊಸ ನಾಣ್ಯ ಸಿಗುತ್ತದೆ, ಹಾಗೆ ನಾನು ಮಾಡಿದ ಮೊದಲ ಬ್ಲಾಕಿನ 50 ನಾಣ್ಯ ಖರ್ಚಿಗೆ ಸಿಕ್ಕಿತು. 101 ಯಾಕೆ? ಹೊಸದಾಗಿ ಹುಟ್ಟಿದ ನಾಣ್ಯವನ್ನು ಅದರ ಮೇಲೆ ಇನ್ನೂ 100 ಬ್ಲಾಕ್ ಕೂರುವ ತನಕ ಮುಟ್ಟುವಂತಿಲ್ಲ. ಚಾಲಿ ಅಡಿಕೆ ಒಣಗುವ ತನಕ ಮಾರಾಟಕ್ಕೆ ಒಯ್ಯದ ಹಾಗೆ. ನಿಜವಾದ ಜಾಲದಲ್ಲಿ ಒಂದು ಬ್ಲಾಕಿಗೆ ಸರಾಸರಿ 10 ನಿಮಿಷ, ಹಾಗಾಗಿ 100ಕ್ಕೆ ಸುಮಾರು 17 ಗಂಟೆ ಕಾಯಬೇಕು.

ಮದ್ದು ಹೊಡೆಸಿ ತೋಟದಿಂದ ಬಂದ ಅಪ್ಪಯ್ಯ ಪಕ್ಕದಲ್ಲಿ ಕೂತರು. ಊರಲ್ಲಿ ಎಲ್ಲರೂ ಕೇಳುವುದು ಇದರಲ್ಲಿ ಎಷ್ಟು ದುಡ್ಡು ಹುಟ್ಟುತ್ತದೆ ಅಂತ. ಅವರು ಕೇಳಿದ್ದು ಬೇರೆ. "ಲೆಕ್ಕ ಸರಿ ಇದ್ದು ಹೇಳಿ ಯಾರು ನೋಡ್ತ ತಮಾ?" ಎಷ್ಟೋ ವರ್ಷ ದೇವಸ್ಥಾನದ ಲೆಕ್ಕ ಬರೆದವರು ಅವರು. ಸೊಸೈಟಿಯಲ್ಲಾದರೆ ಪುಸ್ತಕ ಒಂದೇ, ಅದು ಅಲ್ಲೇ ಇರುತ್ತದೆ, ಆಡಿಟರ್ ಬಂದು ನೋಡುತ್ತಾರೆ. ಇಲ್ಲಿ ಬೇಕಾದ ಸದಸ್ಯರೆಲ್ಲ ಇಡೀ ಪುಸ್ತಕವನ್ನು ಮನೆಯಲ್ಲೇ ಇಟ್ಟುಕೊಂಡು, ಪ್ರತಿ ಸಾಲನ್ನೂ ತಾವೇ ನೋಡಬಹುದು ಎಂದೆ. "ಅಷ್ಟು ಪುರಸೊತ್ತು ಯಾರಿಗಿದ್ದು?" ಎಂದರು. ಆ ಪುರಸೊತ್ತು ಈ ಹಳೆ ಡಬ್ಬಕ್ಕಿದೆ, ಅದಕ್ಕೇ ಅದನ್ನು ಎತ್ತಿಕೊಂಡಿದ್ದು.

ಜುಲೈ 13

ನೆಟ್ ಬಂತು. ಕಾರವಾರದ ಭಾವನ ಜೊತೆ ಸಿಗ್ನೆಟ್‌ನಲ್ಲಿ ಪ್ರಯೋಗ. ಸಿಗ್ನೆಟ್ ಎಂದರೆ ತಾಲೀಮು ಜಾಲ, ಅಲ್ಲಿನ ನಾಣ್ಯಕ್ಕೆ ಬೆಲೆ ಇಲ್ಲ, ಪುಕ್ಕಟೆ ಸಿಗುತ್ತದೆ. ನಾನು 0.01 ಕಳಿಸಿದೆ. ಭಾವನ ಪರದೆಯಲ್ಲಿ ತಕ್ಷಣ ಕಂಡಿತು, ಬ್ಲಾಕಿಗೆ ಸೇರಲು ಎಂಟು ನಿಮಿಷ ಆಯಿತು. ಅವನು ಅರ್ಧ ವಾಪಸ್ ಕಳಿಸಿದ. ಒಂದು ಮಾತು ಬಿಚ್ಚಿ ಹೇಳಬೇಕು. ಸಿಗ್ನೆಟ್‌ನಲ್ಲಿ ಬ್ಲಾಕ್ ಮಾಡುವ ಹಕ್ಕು ಸಹಿಯ ಕೀಲಿ ಇರುವ ಕೆಲವರಿಗೆ ಮಾತ್ರ. ಕಲಿಯಲು ಚೆನ್ನಾಗಿದೆ, ಆದರೆ ಯಾರ ಕೈಯಲ್ಲೂ ಇಲ್ಲದ ಜಾಲ ಅಂದರೆ ಇದಲ್ಲ.

ಭಾವನಿಗೆ ತೇವಕ್ಕಿಂತ ಉಪ್ಪುಗಾಳಿಯ ಕಾಟ ಜಾಸ್ತಿ. ಅವನ ಯುಎಸ್‌ಬಿ ಕಿಂಡಿಗಳೆಲ್ಲ ತುಕ್ಕು.

ಜುಲೈ 29

ಇದನ್ನು ಬರೆಯಲು ಎರಡು ದಿನ ಬೇಕಾಯಿತು. ಡೆಸ್ಕ್‌ಟಾಪಿನಲ್ಲಿ ನಿಜವಾದ ಜಾಲಕ್ಕೆ ಕೈ ಹಾಕಿದ್ದೆ. ಇಡೀ ಪುಸ್ತಕ 600 ಜಿಬಿಗೂ ಜಾಸ್ತಿ. ನನ್ನಲ್ಲಿದ್ದದ್ದು 500 ಜಿಬಿಯ ಹಳೆ ಹಾರ್ಡ್‌ಡಿಸ್ಕ್. ಅದಕ್ಕೆ ಪ್ರೂನ್ ವಿಧಾನ ಇದೆ. ಎಲ್ಲ ಬ್ಲಾಕೂ ಇಳಿಯುತ್ತವೆ, ತಾಳೆ ಆಗುತ್ತವೆ, ಹಳೆಯವು ಅಳಿಸಿ ಹೋಗುತ್ತವೆ. ಯಾರ ಹತ್ತಿರ ಎಷ್ಟು ಉಳಿದಿದೆ ಎನ್ನುವ ಪಟ್ಟಿ ಮಾತ್ರ ಪೂರ್ತಿ ಇರುತ್ತದೆ.

ಶೇಕಡಾ 58ಕ್ಕೆ ಬಂದಿತ್ತು. ಗಾಳಿಗೆ ಕರೆಂಟ್ ಹೋಯಿತು. ಬಂತು. ಹೋಯಿತು. ಮತ್ತೆ ಶುರು ಮಾಡಿದರೆ ಆ ಪಟ್ಟಿಯೇ ಕೆಟ್ಟಿದೆ ಎಂದಿತು. ಪೂರ್ತಿ ಬ್ಲಾಕ್ ಇಟ್ಟುಕೊಂಡಿದ್ದರೆ ಡಿಸ್ಕಿನಿಂದಲೇ ಪಟ್ಟಿಯನ್ನು ಹೊಸದಾಗಿ ಕಟ್ಟಬಹುದಿತ್ತು. ಪ್ರೂನ್ ಮಾಡಿದವರಿಗೆ ಆ ದಾರಿ ಇಲ್ಲ, ಒಂದನೇ ಬ್ಲಾಕಿನಿಂದ ಮತ್ತೆ ಇಳಿಸಬೇಕು. ತಿಂಗಳ ಡೇಟಾ ಮಿತಿಯೂ ಅಲ್ಲಿಗೇ ಮುಗಿಯಿತು. ಆ ರಾತ್ರಿ ಬಹಳ ಬೇಜಾರಾಯಿತು. ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಇಳಿದದ್ದು ನನ್ನ ತಪ್ಪೇ.

ಆಗಸ್ಟ್ 17

ಎರಡನೇ ಸಲ. 240 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ಪಟ್ಟಿಯಲ್ಲಿ ಅಲ್ಲಿ ಇಲ್ಲಿ ಹುಡುಕುವ ಕೆಲಸವೇ ಜಾಸ್ತಿ, ತಿರುಗುವ ಡಿಸ್ಕ್ ಅದರಲ್ಲೇ ಸೋಲುತ್ತಿತ್ತು. ಯುಪಿಎಸ್ ತಂದು ಯುಎಸ್‌ಬಿ ತಂತಿಯಲ್ಲಿ ಜೋಡಿಸಿದೆ. ಎನ್‌ಯುಟಿ ಎನ್ನುವ ತಂತ್ರಾಂಶ ಬ್ಯಾಟರಿ ನೋಡುತ್ತಿರುತ್ತದೆ. ಬ್ಯಾಟರಿ ಇಳಿದರೆ ಮೊದಲು ಬಿಟ್‌ಕಾಯಿನ್ ಕೋರ್‌ಗೆ ನಿಲ್ಲು ಎಂದು ಹೇಳಿ, ಅದು ಎಲ್ಲವನ್ನೂ ಡಿಸ್ಕಿಗೆ ಬರೆದ ಮೇಲೆ ಯಂತ್ರ ಬಂದ್ ಮಾಡುತ್ತದೆ. ಪ್ಲಗ್ ಕಿತ್ತು ಮೂರು ಸಲ ಪರೀಕ್ಷೆ ಮಾಡಿದೆ.

ಒಂದು ಆಯ್ಕೆ ಬದಲಿಸಿದೆ. ಸಾಮಾನ್ಯವಾಗಿ ಒಂದು ಗೊತ್ತಾದ ಬ್ಲಾಕಿನ ತನಕದ ಹಳೆ ವಹಿವಾಟುಗಳ ಸಹಿಗಳನ್ನು ನೋಡದೆ ಮುಂದೆ ಹೋಗುತ್ತದೆ, ಬೇಗ ಆಗಲಿ ಅಂತ. ಅಸ್ಯೂಮ್‌ವ್ಯಾಲಿಡ್ ಅನ್ನು 0 ಮಾಡಿದರೆ ಪ್ರತಿಯೊಂದು ಸಹಿಯನ್ನೂ ನೋಡುತ್ತದೆ. ದಿನ ಜಾಸ್ತಿ ಹಿಡಿಯಲಿ. ನಾನೇ ನೋಡುತ್ತೇನೆ ಅಂತ ಹೊರಟ ಮೇಲೆ ಪೂರ್ತಿ ನೋಡಬೇಕು.

ಈ ನಡುವೆ ಆಗಸ್ಟ್ 9ಕ್ಕೆ ಡೆಬಿಯನ್ 13 ಬಂತು. 32 ಬಿಟ್‌ನ ಪಿಸಿಗಳಿಗೆ ಅದರಲ್ಲಿ ಇನ್‌ಸ್ಟಾಲರ್ ಇಲ್ಲ. ಆಯಿಯ ನೆಟ್‌ಬುಕ್ 12ರಲ್ಲೇ ಇರಲಿ.

ಸೆಪ್ಟೆಂಬರ್ 11

ಮುಗಿಯಿತು! 19 ದಿನ ಹಗಲು ರಾತ್ರಿ ಓಡಿ ನಮ್ಮ ನೋಡ್, ಅಂದರೆ ಜಾಲಕ್ಕೆ ಸೇರಿದ ಈ ಡೆಸ್ಕ್‌ಟಾಪ್, ಜಾಲದ ತುದಿ ಮುಟ್ಟಿತ್ತು. ಆಮೇಲೂ ಹೊಸ ಬ್ಲಾಕ್ ಬಂದ ಹಾಗೆ ತಾಳೆ ನೋಡುತ್ತಲೇ ಇದೆ. ನಡುವೆ ಆರು ಸಲ ಕರೆಂಟ್ ಹೋದರೂ ಏನೂ ಆಗಲಿಲ್ಲ.

ಇವತ್ತು ಅಪ್ಪಯ್ಯನನ್ನು ಕರೆದು ಕೂರಿಸಿಕೊಂಡೆ. ಒಟ್ಟು ಎಷ್ಟು ನಾಣ್ಯ ಇರಬೇಕು ಅಂತ ಕೈಯಲ್ಲೇ ಲೆಕ್ಕ ಹಾಕೋಣ ಎಂದೆ. ನಿಯಮ ಸುಲಭ. ಮೊದಲ 2,10,000 ಬ್ಲಾಕಿಗೆ ತಲಾ 50 ಹೊಸ ನಾಣ್ಯ, ಆಮೇಲೆ ಪ್ರತಿ 2,10,000ಕ್ಕೆ ಅರ್ಧ. ಕ್ಯಾಲೆಂಡರ್ ಹಾಳೆಯ ಹಿಂದೆ ಅವರು ಬರೆದರು. 1,05,00,000. 52,50,000. 26,25,000. 13,12,500. ಅಲ್ಲಿಗೆ 2024ರ ಏಪ್ರಿಲ್ ಬಂತು, ಮೊತ್ತ 1,96,87,500. ಅಲ್ಲಿಂದ ಈಚೆಗೆ ತಲಾ 3.125. ನಮ್ಮ ನೋಡ್ 9,14,000ನೇ ಬ್ಲಾಕಿನ ಹತ್ತಿರ ಇತ್ತು, ಅಂದರೆ ಸುಮಾರು 74,000 ಬ್ಲಾಕ್, ಇನ್ನು 2,31,250. ಕೂಡಿಸಿ 1,99,18,750.

ನಾನು ಆದೇಶ ಕೊಟ್ಟೆ. ಡೆಸ್ಕ್‌ಟಾಪ್ ಸ್ವಲ್ಪ ಹೊತ್ತು ಪಟ್ಟಿ ಎಣಿಸಿತು. ಉತ್ತರ ಬಂತು. 1 ಕೋಟಿ 99 ಲಕ್ಷ 18 ಸಾವಿರ ಚಿಲ್ಲರೆ. ಅಪ್ಪಯ್ಯನ ಮೊತ್ತಕ್ಕಿಂತ ಸ್ವಲ್ಪ ಕಡಿಮೆ.

ಅವರು ಕನ್ನಡಕ ತೆಗೆದು ಪರದೆ ನೋಡಿದರು. ಆ ಸ್ವಲ್ಪ ಎಲ್ಲಿ ಹೋಯಿತು ಎಂದು ಕೇಳಿದರು. 2009ರ ಆ ಮೊದಲ ಬ್ಲಾಕಿನ 50ನ್ನು ಖರ್ಚು ಮಾಡಲು ಬರುವುದಿಲ್ಲ, ಅದು ಪಟ್ಟಿಯಲ್ಲೇ ಇಲ್ಲ ಎಂದೆ. ಕೆಲವು ಬ್ಲಾಕಿನವರು ತಮಗೆ ಬರಬೇಕಾದ್ದಕ್ಕಿಂತ ಕಡಿಮೆ ತೆಗೆದುಕೊಂಡಿದ್ದಾರೆ, ಜಾಸ್ತಿ ತೆಗೆದುಕೊಂಡರೆ ಮಾತ್ರ ಇದು ಒಪ್ಪುವುದಿಲ್ಲ ಎಂದೆ. ಅವರು ಕೆಂಪು ಪೆನ್ನಿನಲ್ಲಿ ಮೊತ್ತದ ಕೆಳಗೆ "ವಜಾ 50" ಎಂದು ಬರೆದು, ಉಳಿದದ್ದಕ್ಕೆ ಜಾಗ ಬಿಟ್ಟು, ಯಾವ ಬ್ಲಾಕು ಎಷ್ಟು ಎಂದು ಹುಡುಕಿ ಕೊಡು ಎಂದಿದ್ದಾರೆ. ಪ್ರೂನ್ ಮಾಡಿದ ಪುಸ್ತಕದಲ್ಲಿ ಹಳೆ ಪುಟ ಸಿಗುವುದಿಲ್ಲ. ಅದಕ್ಕೆ 1 ಟಿಬಿಯ ಡಿಸ್ಕ್ ಬೇಕು, ಈ ಸಲದ ಚಾಲಿ ಮಾರಾಟವಾದ ಮೇಲೆ ನೋಡಬೇಕು. ಡೆಸ್ಕ್‌ಟಾಪನ್ನು ಡೆಬಿಯನ್ 13ಕ್ಕೆ ಒಯ್ಯುವ ಕೆಲಸವೂ ಬಾಕಿ ಇದೆ.