ಕಂಬರ್‌ಲ್ಯಾಂಡಿನಿಂದ ಪಿಟ್ಸ್‌ಬರ್ಗ್‌ಗೆ: ಹಳೇ ರೈಲು ದಾರಿಯಲ್ಲಿ 150 ಮೈಲಿ ಸೈಕಲ್ ಪ್ರವಾಸ

ಅಮೆರಿಕದ ಪೂರ್ವ ಭಾಗದಲ್ಲಿರುವ ಕನ್ನಡಿಗರು ಯಾರಾದರೂ ಕೆಲವು ದಿನಗಳ ಸೈಕಲ್ ಪ್ರವಾಸಕ್ಕೆ ಯಾವ ದಾರಿ ಒಳ್ಳೇದು ಅಂತ ಕೇಳಿದರೆ ನಾನು ಹೇಳುವುದು ಒಂದೇ: ಗ್ರೇಟ್ ಅಲಿಗೇನಿ ಪ್ಯಾಸೇಜ್. ಎಲ್ಲರೂ ಚಿಕ್ಕದಾಗಿ ‘ಗ್ಯಾಪ್’ ಅನ್ನುತ್ತಾರೆ. ಮೇರಿಲ್ಯಾಂಡಿನ ಕಂಬರ್‌ಲ್ಯಾಂಡಿನಿಂದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ವರೆಗೆ 150 ಮೈಲಿ, ಅಂದರೆ ಸುಮಾರು 240 ಕಿಲೋಮೀಟರು. ಕಲ್ಲಿದ್ದಲು ಹೊತ್ತು ಓಡಾಡುತ್ತಿದ್ದ ರೈಲುಗಳು ನಿಂತ ಮೇಲೆ ಹಳಿ ಕಿತ್ತು, ಸುಣ್ಣಕಲ್ಲಿನ ಸಣ್ಣ ಪುಡಿ ಹಾಸಿ ಮಾಡಿದ ದಾರಿ ಇದು. ತುಂಡು ತುಂಡಾಗಿ ತೆರೆಯುತ್ತಾ ಬಂದು 2013ರಲ್ಲಿ ಪೂರ್ತಿಯಾಯಿತು. ಕಾರು, ಲಾರಿಗಳ ಕಾಟವಿಲ್ಲ. ನಾನೂ ನನ್ನ ಗಂಡನೂ ಈ ಸೆಪ್ಟೆಂಬರಿನಲ್ಲಿ ಮುಗಿಸಿ ಬಂದೆವು.

ಈ ಪ್ರವಾಸದ ಲೆಕ್ಕಾಚಾರವನ್ನು ಕೊನೆಯಿಂದ ಶುರುಮಾಡಿ. ಎಲ್ಲಿ ಮುಗಿಸುತ್ತೀರಿ, ಕಾರು ಎಲ್ಲಿರುತ್ತದೆ, ಸೈಕಲ್ ಹೇಗೆ ಮನೆಗೆ ಬರುತ್ತದೆ ಅನ್ನುವುದು ತೀರ್ಮಾನವಾದರೆ ಉಳಿದದ್ದೆಲ್ಲ ಸಲೀಸು. ಕಾರನ್ನು ಪಿಟ್ಸ್‌ಬರ್ಗಿನಲ್ಲೇ ಬಿಟ್ಟು, ಬೆಳಗಿನ ಜಾವದ ಆಮ್‌ಟ್ರ್ಯಾಕ್ ರೈಲು ಹಿಡಿದು ಕಂಬರ್‌ಲ್ಯಾಂಡಿಗೆ ಹೋಗುವುದು ಒಳ್ಳೆಯ ಉಪಾಯ. ರೈಲಿನಲ್ಲಿ ಸೈಕಲ್ಲಿಗೆ ಜಾಗ ಕಡಿಮೆ. ನಿಮ್ಮ ಟಿಕೆಟ್ ಜೊತೆಗೆ ಸೈಕಲ್ಲಿಗೂ ಬೇರೆಯಾಗಿ ಕಾಯ್ದಿರಿಸಬೇಕು. ಅದು ಸಿಕ್ಕಿದ ಮೇಲೇ ಉಳಿಯುವ ಜಾಗ ಬುಕ್ ಮಾಡಿ. ಪಿಟ್ಸ್‌ಬರ್ಗಿನಿಂದ ಹೊರಟು ಕಂಬರ್‌ಲ್ಯಾಂಡಿನಲ್ಲಿ ಮುಗಿಸಿದರೆ, ಕಾರಿನ ಹತ್ತಿರ ವಾಪಸ್ ಬರುವ ರೈಲು ಪಿಟ್ಸ್‌ಬರ್ಗ್ ಮುಟ್ಟುವುದು ನಡುರಾತ್ರಿಯ ಹೊತ್ತಿಗೆ. ಸೈಕಲ್ ತುಳಿದು ಸುಸ್ತಾದವರಿಗೆ, ಅದರಲ್ಲೂ ಮಕ್ಕಳ ಜೊತೆ ಹೋದವರಿಗೆ, ಆ ಹೊತ್ತು ಹಿತವಲ್ಲ.

ಕಂಬರ್‌ಲ್ಯಾಂಡಿನಿಂದ ಹೊರಟರೆ ಏರೆಲ್ಲ ಮೊದಲ ದಿನವೇ ಮುಗಿಯುತ್ತದೆ. ಸುಮಾರು 24 ಮೈಲಿಯಲ್ಲಿ 1,750 ಅಡಿಯಷ್ಟು ಮೇಲೇರಿ, ಪೂರ್ವದ ಜಲವಿಭಾಜಕವನ್ನು (ಮಳೆನೀರು ಒಂದು ಕಡೆ ಅಟ್ಲಾಂಟಿಕ್ಕಿಗೆ, ಇನ್ನೊಂದು ಕಡೆ ಮೆಕ್ಸಿಕೋ ಕೊಲ್ಲಿಗೆ ಹರಿಯುವ ಏಣನ್ನು) 2,392 ಅಡಿ ಎತ್ತರದಲ್ಲಿ ದಾಟುತ್ತೀರಿ. ಅಂಕಿ ನೋಡಿ ಹೆದರಬೇಡಿ. ಭಾರದ ಗಾಡಿ ಎಳೆಯುವ ಉಗಿ ಇಂಜಿನ್ನಿಗೆ ಕಡಿದಾದ ಏರು ಆಗಿಬರುವುದಿಲ್ಲ. ಅದಕ್ಕೇ ಗುಡ್ಡ ಕೊರೆದು, ಕಣಿವೆಗೆ ಸೇತುವೆ ಕಟ್ಟಿ ಹಳಿ ಹಾಕಿದ್ದಾರೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ರೈಲು ದಾರಿಯ ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ. ಇಲ್ಲಿಯದು ಅದಕ್ಕಿಂತಲೂ ಸೌಮ್ಯ. ಆದರೆ ಬಿಡುವೇ ಇಲ್ಲದ ಏರು. ಚಿಕ್ಕ ಗೇರಿಗೆ ಹಾಕಿಕೊಂಡು, ಮಾತಾಡುತ್ತಾ ತುಳಿಯುವಷ್ಟು ವೇಗದಲ್ಲಿ ಹೋಗಿ. ಪಕ್ಕದಲ್ಲೇ ಪ್ರವಾಸಿ ರೈಲಿನ ಹಳಿ ಇದೆ. ಬ್ರಷ್ ಸುರಂಗದಲ್ಲಿ ರೈಲಿಗೂ ಸೈಕಲ್ಲಿಗೂ ಒಂದೇ ದಾರಿ. ರೈಲು ಒಳಗಿದ್ದರೆ ಹೊರಗೇ ನಿಂತು ಕಾಯಿರಿ.

ಬಿಗ್ ಸ್ಯಾವೇಜ್ ಸುರಂಗದ ಉದ್ದ 3,294 ಅಡಿ. ಒಳಗೆ ದೀಪಗಳಿವೆ, ಆದರೂ ಸೈಕಲ್ಲಿನ ಲೈಟು ಹಾಕಿಕೊಳ್ಳಿ. ಹೊರಗೆ ಎಷ್ಟೇ ಸೆಕೆಯಿದ್ದರೂ ಒಳಗೆ ಥಂಡಿ. ಬೆವರಿದ ಮೈಗೆ ಜಾಕೆಟ್ ಬೇಕೇ ಬೇಕು. ಹಿಮ ಕಟ್ಟಿ ಹಾಳಾಗದಂತೆ ಚಳಿಗಾಲದಲ್ಲಿ ಇದರ ಬಾಗಿಲು ಮುಚ್ಚಿಬಿಡುತ್ತಾರೆ, ಸಾಮಾನ್ಯವಾಗಿ ಏಪ್ರಿಲ್ ಆರಂಭದವರೆಗೆ. ದುರಸ್ತಿಗೂ ಮುಚ್ಚುವುದುಂಟು. ಹೊರಡುವ ಮುಂಚೆ ವಿಚಾರಿಸಿ.

ದಿನದ ಹಂಚಿಕೆ ಹೀಗೆ ಮಾಡಿ: ಮೈಯರ್ಸ್‌ಡೇಲ್ 32 ಮೈಲಿ, ಅಲ್ಲಿಂದ ಒಹೈಯೋಪೈಲ್ 40, ವೆಸ್ಟ್ ನ್ಯೂಟನ್ 42, ಪಿಟ್ಸ್‌ಬರ್ಗ್ 36. ಮೈಯರ್ಸ್‌ಡೇಲ್ ದಾಟಿದ ಕೂಡಲೇ 1,908 ಅಡಿ ಉದ್ದದ ಸಾಲಿಸ್‌ಬರಿ ಸೇತುವೆ ಸಿಗುತ್ತದೆ. ಕೆಳಗೆ ಹೊಲ, ನದಿ, ಹೆದ್ದಾರಿ. ಸುತ್ತ ಗುಡ್ಡದ ಮೇಲೆ ಗಾಳಿಯಂತ್ರಗಳು. ಬೆಳಿಗ್ಗೆ ಬೇಗ ಹೋದರೆ ಮಂಜು ಇನ್ನೂ ಸೇತುವೆಯ ಕೆಳಗೇ ಇರುತ್ತದೆ.

ಏರು ಮುಗಿಯಿತು, ಇನ್ನು ಪೆಡಲ್ ಬಿಟ್ಟು ಕೂರಬಹುದು ಅಂದುಕೊಳ್ಳಬೇಡಿ. ಮೊದಲ ಕೆಲವು ಮೈಲಿ ಸೈಕಲ್ ತಾನಾಗಿಯೇ ಓಡುತ್ತದೆ. ಆಮೇಲೆ ಹೆಚ್ಚುಕಮ್ಮಿ ಸಮತಟ್ಟು. ಇಳಿಜಾರಿನ ಬಿಡುವು ಸಿಗದ ಕಾರಣ ಕೂತ ಭಂಗಿ ಬದಲಾಗುವುದೇ ಇಲ್ಲ. ಕಾಲಿಗಿಂತ ಮೊದಲು ಅಂಗೈ, ಕುತ್ತಿಗೆ, ಕೂರುವ ಜಾಗ ನೋಯುತ್ತವೆ. ಎಂಟು–ಹತ್ತು ಮೈಲಿಗೊಮ್ಮೆ ಇಳಿದು ನಡೆದಾಡಿ. ಸೀಟನ್ನು ಹೊಸದಾಗಿ ಬದಲಿಸಿ ಹೊರಡಬೇಡಿ, ಪಳಗಿದ ಸೀಟೇ ಇರಲಿ. ಟೈರು 32 ಮಿಲಿಮೀಟರಿಗಿಂತ ಅಗಲವಿದ್ದರೆ ಹಿತ. ಒಣ ದಿನ ಸುಣ್ಣಕಲ್ಲಿನ ಬಿಳಿ ಧೂಳು ಚೈನಿಗೆಲ್ಲ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಮಳೆ ಬಂದರೆ ಅದೇ ಕೆಸರಾಗಿ ಗೇರಿನ ಹಲ್ಲುಗಳ ನಡುವೆ ಕರಕರ ಅನ್ನುತ್ತದೆ. ಒಂದು ಹಳೇ ಬಟ್ಟೆ, ಚೈನಿನ ಎಣ್ಣೆ ಇಟ್ಟುಕೊಂಡು ದಿನಾ ಸಂಜೆ ಒರೆಸಿ.

ಊಟದ ವಿಷಯ. ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಸಿಗುವುದು ಪಿಜ್ಜಾ, ಚೀಸ್ ಸ್ಯಾಂಡ್‌ವಿಚ್, ಆಲೂಗಡ್ಡೆ. ವಾರದ ಮಧ್ಯೆ ಹೋಟೆಲುಗಳು ಬೇಗ ಬಾಗಿಲು ಹಾಕುವುದೂ ಉಂಟು. ನಾವು ಗೊಜ್ಜವಲಕ್ಕಿ, ಚಟ್ನಿಪುಡಿ, ಹುರಿದ ಶೇಂಗಾ ಕಟ್ಟಿಕೊಂಡಿದ್ದೆವು. ಬಿಸಿನೀರು ಸಿಕ್ಕಲ್ಲೆಲ್ಲ ಉಪ್ಪಿಟ್ಟಿನ ಪ್ಯಾಕೆಟ್ಟೂ ಕೈಹಿಡಿಯಿತು. ಎರಡು ಬಾಟಲಿ ನೀರಿಲ್ಲದೆ ಯಾವ ಊರನ್ನೂ ಬಿಡಬೇಡಿ.

ಒಹೈಯೋಪೈಲಿನಲ್ಲಿ ಸಾಧ್ಯವಾದರೆ ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ. ಯೊಕಗೇನಿ ನದಿಯ ಜಲಪಾತ ಊರಿನ ನಡುವೆಯೇ ಇದೆ. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಫಾಲಿಂಗ್‌ವಾಟರ್ ಮನೆ ಇಲ್ಲಿಂದ ಕೆಲವೇ ಮೈಲಿ. ಟಿಕೆಟ್ ಮೊದಲೇ ತೆಗೆದುಕೊಳ್ಳಬೇಕು. ಅಲ್ಲಿಗೆ ಹೋಗುವ ರಸ್ತೆಯಲ್ಲಿ ವಾಹನ ಜಾಸ್ತಿ, ಸೈಕಲ್ಲಿಗೆ ನಾನು ಸಲಹೆ ಮಾಡುವುದಿಲ್ಲ.

ಇಲ್ಲಿಂದ ಮುಂದಿನ ದಾರಿಯನ್ನು ಬರೀ ಹಸಿರು ನೋಡಿಕೊಂಡು ಮುಗಿಸಬೇಡಿ. ವೆಸ್ಟ್ ನ್ಯೂಟನ್ ತಲುಪುವ ಮೊದಲು ಡಾರ್ ಗಣಿಯ ಸ್ಮಾರಕ ಫಲಕವಿದೆ. 1907ರ ಡಿಸೆಂಬರ್ 19ರಂದು ಆದ ಸ್ಫೋಟದಲ್ಲಿ 239 ಜನ ಸತ್ತರು, ಅವರಲ್ಲಿ ಹುಡುಗರೂ ಇದ್ದರು. ವೆಸ್ಟ್ ನ್ಯೂಟನ್ ದಾಟಿದ ಮೇಲೆ, ದಾರಿಯ ಅಂಚಿನ ಬಂಡೆಯ ಮೇಲೆ ನೀರು ಕಾವಿ ಬಣ್ಣದಲ್ಲಿ ಜಿನುಗುತ್ತದೆ. ಮುಚ್ಚಿಹೋದ ಗಣಿಯಿಂದ ಕಬ್ಬಿಣದ ಅಂಶ ಹೊತ್ತು ಇಂದಿಗೂ ಹರಿಯುತ್ತಿರುವ ನೀರದು. ಕಲ್ಲಿನ ಮೇಲೆ ಪದರಪದರವಾಗಿ ಕಟ್ಟಿಕೊಂಡಿದೆ. ನಾವು ಎರಡೂ ಕಡೆ ಸೈಕಲ್ ನಿಲ್ಲಿಸಿದೆವು. ಈ ದಾರಿ ಯಾರ ದುಡಿಮೆಯ ಮೇಲೆ ನಿಂತಿದೆ ಅಂತ ತಿಳಿಯದೆ ಇದನ್ನು ಮುಗಿಸಿದೆವು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಕೊನೆಯ ದಿನ ಬೇಗ ಹೊರಡಿ. ಮೆಕೀಸ್‌ಪೋರ್ಟ್ ನಂತರ ದಾರಿ ಡಾಂಬರಿನದು, ಊರಿನ ಗದ್ದಲವೂ ಶುರು. ಹಿಂದೆ ಕಾದ ಕಬ್ಬಿಣದ ದ್ರವ ಸಾಗಿಸುತ್ತಿದ್ದ ಹಾಟ್ ಮೆಟಲ್ ಸೇತುವೆಯ ಮೇಲೆ ಮೊನಾಂಗಹೀಲಾ ನದಿ ದಾಟುತ್ತೀರಿ. ನದಿ ಉಕ್ಕಿದ್ದರೆ ದಡದಂಚಿನ ಮಾನ್ ವಾರ್ಫ್ ಭಾಗ ಮುಚ್ಚಿರುತ್ತದೆ. ಆಗ ನಗರದ ರಸ್ತೆಗಳಲ್ಲೇ ಹೋಗಬೇಕು, ಅದಕ್ಕೆ ಹಗಲು ಬೆಳಕು ಬೇಕು. ದಾರಿ ಮುಗಿಯುವುದು ಪಾಯಿಂಟ್ ಸ್ಟೇಟ್ ಪಾರ್ಕಿನಲ್ಲಿ, ಅಲಿಗೇನಿಯೂ ಮೊನಾಂಗಹೀಲಾವೂ ಸೇರಿ ಒಹೈಯೋ ನದಿಯಾಗುವ ಜಾಗದಲ್ಲಿ. ಆ ಹುಲ್ಲಿನ ಮೇಲೆ ಶೂ ಬಿಚ್ಚಿ ಒಂದು ಗಂಟೆ ಕೂತುಕೊಳ್ಳುವಷ್ಟು ಸಮಯ ಖಂಡಿತ ಇಟ್ಟುಕೊಳ್ಳಿ. ಅವಸರದಲ್ಲಿ ಫೋಟೋ ತೆಗೆದು ಓಡುತ್ತಿದ್ದವರನ್ನು ನೋಡಿ ನನಗೆ ನಿಜಕ್ಕೂ ಬೇಸರವಾಯಿತು.

ಆಮೇಲೆ ಹೊಟ್ಟೆಯ ಯೋಚನೆ. ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ ನಗರದಿಂದ ಹತ್ತು–ಹನ್ನೆರಡು ಮೈಲಿ. ದರ್ಶನ ಮಾಡಿ ಅಲ್ಲಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಿಂದಾಗ ಮೈಗೆ ಜೀವ ಬಂತು. ಆದರೆ ಅಲ್ಲಿಗೆ ಕಾರಿನಲ್ಲೇ ಹೋಗಿ. ದೇವಸ್ಥಾನ ಗುಡ್ಡದ ಮೇಲಿದೆ, ಆ ಏರು ರೈಲಿನವರು ಹಾಕಿದ್ದಲ್ಲ.