ಮಳೆ ಹೊಳವಾದ ಎರಡು ತಾಸು

ಕಳೆದ ಜುಲೈ. ಐದು ದಿನ ಬಿಡದೆ ಹೊಯ್ದ ಮಳೆ ಮಧ್ಯಾಹ್ನ ಹೊಳವಾಯಿತು. ಅಡಿಕೆಗೆ, ಕಾಯಿ ಉದುರಿಸುವ ಕೊಳೆರೋಗ ಬಾರದಂತೆ ಹೊಡೆಯುವ ಎರಡನೇ ಸಲದ ಮದ್ದು ಆಗಲೇ ತಡವಾಗಿತ್ತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೋರ್ಡೋ ಕಲಸಿ ಕತ್ತಿ ಅದ್ದಿ ನೋಡಿದೆ. ಅಲಗಿಗೆ ಕೆಂಪು ಹತ್ತಲಿಲ್ಲ, ಸುಣ್ಣ ಸಾಕಾಗಿತ್ತು.

"ಎರಡು ತಾಸು ಸಿಕ್ರೆ ಮೇಲಿನ ತುಂಡು ಮುಗಿಸ್ತೆ ಹೆಗಡೇರೆ" ಎಂದ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ. ನನ್ನ ಓರಗೆಯವ. ನಾನು ಮರಕ್ಕೆ ಬೆರಳೆಳೆದೆ. ಪಾಚಿ ಲೋಳೆಯಂತೆ ಉಗುರಿಗೆ ಬಂತು.

ಆ ಮಳೆಗಾಲ ನಾನು ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸನನ್ನು ಓದುತ್ತಿದ್ದೆ. ಕ್ರಿ.ಪೂ. 341ರಲ್ಲಿ ಹುಟ್ಟಿ, ಅಥೆನ್ಸಿನ ತೋಟವೊಂದರಲ್ಲಿ ಗೆಳೆಯರೊಂದಿಗೆ ಬದುಕಿದವನು. ಅವನನ್ನು ಭೋಗಿ ಎನ್ನುವವರುಂಟು. ಆದರೆ ಔತಣ ಮಾಡಬೇಕೆನಿಸಿದಾಗ ಇರಲಿ ಎಂದು ಗೆಳೆಯನಿಂದ ಒಂದು ಪುಟ್ಟ ಗಡಿಗೆ ಚೀಸ್ ತರಿಸಿಕೊಂಡವನು ಅವನು! 1888ರಲ್ಲಿ ವ್ಯಾಟಿಕನ್ನಿನ ಹಸ್ತಪ್ರತಿಯೊಂದರಿಂದ ಬೆಳಕಿಗೆ ಬಂದ ಅವನ ಮಾತುಗಳಲ್ಲಿ ಒಂದು ಪ್ರಶ್ನೆಯಿದೆ: ಈ ಆಸೆ ಕೈಗೂಡಿದರೆ ನನಗೇನಾಗುತ್ತದೆ, ಕೈಗೂಡದಿದ್ದರೆ ಏನಾಗುತ್ತದೆ?

ಮರದ ಬುಡದಲ್ಲೇ ಲೆಕ್ಕ ಹಾಕಿದೆ. ಕೊಳೆ ಬಿದ್ದರೆ ಹೆಚ್ಚೆಂದರೆ ಎರಡು ಕ್ವಿಂಟಲ್ ಹೋಗುತ್ತದೆ. ಊಟಕ್ಕೆ, ಮಗಳ ಓದಿಗೆ ತೊಂದರೆಯಿಲ್ಲ; ಕಾರು ಬದಲಿಸುವುದು ಮುಂದಕ್ಕೆ ಹೋಗುತ್ತದೆ, ಅಷ್ಟೆ. ಎಪಿಕ್ಯೂರಸನ ವಿಂಗಡಣೆಯಲ್ಲಿ ಕಾರಿನ ಆಸೆ ಸಹಜವೂ ಅಲ್ಲ, ಅಗತ್ಯವೂ ಅಲ್ಲ.

ಆದರೆ ಈ ತಕ್ಕಡಿಯೇ ಸರಿಯಿರಲಿಲ್ಲ. ಲಾಭ ನನ್ನದು, ಜಾರುವ ಕಾಲು ಅವನದು. ಹತ್ತದಿದ್ದರೆ ಅವನ ಅಂದಿನ ಕೂಲಿಯೂ ಇಲ್ಲ, ಹಾಗಾಗಿ "ಮುಗಿಸ್ತೆ" ಎಂಬ ಮಾತನ್ನು ಅವನ ಇಷ್ಟವೆಂದು ನಾನು ಹೇಗೆ ಎಣಿಸಲಿ? ಒಬ್ಬರಿಗೊಬ್ಬರು ಕೇಡು ಮಾಡದಿರುವ ಒಪ್ಪಂದವೇ ನ್ಯಾಯ ಎಂದವನೂ ಅದೇ ಎಪಿಕ್ಯೂರಸ್. ಅಪ್ಪನ ಕಾಲದಿಂದ ಎಷ್ಟೋ ಮಳೆಗಾಲ ಈ ಲೆಕ್ಕ ಹಾಕದೆಯೇ ಮರ ಹತ್ತಿಸಿದ್ದೇವೆ. ಅದು ನನ್ನನ್ನು ಈಗಲೂ ಕಾಡುತ್ತದೆ.

"ಇವತ್ತು ಬೇಡ" ಎಂದು ಪೂರ್ತಿ ಕೂಲಿ ಕೊಟ್ಟೆ. ಅವನು ಹಣ ಹಿಡಿದು ಮೇಲೆ ನೋಡಿದ: "ಕೊಳೆ ಬಿದ್ರೆ?" ಕಲಸಿದ ಮದ್ದು ಮರುದಿನಕ್ಕೆ ಆಗುವುದಿಲ್ಲ, ಎರಡು ಬ್ಯಾರೆಲ್ ಚೆಲ್ಲಿದೆವು.

ಕೊಳೆ ಬಿತ್ತು. ಬುಡದಲ್ಲಿ ಉದುರಿದ ಕಾಯಿಗಳ ಮೇಲೆ ಬೂದುಬಿಳಿ ಬೂಸಲು. ಇಬ್ಬರೂ ಬುಟ್ಟಿ ಹಿಡಿದು ಹೆಕ್ಕಿದೆವು. ಈ ಬೇಸಿಗೆಯಲ್ಲಿ ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದನೆಯ ಕೋಲು, ತರಿಸಿದ್ದೇನೆ. ಅವನು ನೆಲದ ಮೇಲೆ ನಿಂತು ಮದ್ದು ಹೊಡೆಯುವುದನ್ನು ಕಲಿಯುತ್ತಿದ್ದಾನೆ. ಕುತ್ತಿಗೆ ನೋಯುತ್ತದಂತೆ.